ದಿನಕ್ಕೆ ನಾಲ್ಕು ಸಲ ಸಾಯುತ್ತಿದ್ದ ಆಯಿ

ಹಸಿರು ಬೆಡ್‌ಶೀಟಿನ ಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದ ಎರಡು ಪಾದಗಳು. ಹಿಮ್ಮಡಿಯ ತುಂಬ ಸೀಳು, ಸೀಳುಗಳಲ್ಲಿ ಅಸುಂಡಿಯ ಎರೆಮಣ್ಣು, ಎರಡನೇ ಬೆರಳಿನಲ್ಲಿ ಸವೆದು ತೆಳ್ಳಗಾದ ಬೆಳ್ಳಿಯ ಕಾಲುಂಗುರ. ಆ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಹೆಬ್ಬೆರಳು ಪಕ್ಕದ ಬೆರಳನ್ನು ತಿಕ್ಕುತ್ತಿತ್ತು, ಕಾಲುಂಗುರವನ್ನು ಅತ್ತ ತಳ್ಳಿ ಇತ್ತ ಎಳೆಯುತ್ತಿತ್ತು. ನಿಜಕ್ಕೂ ಆ ಹೊತ್ತಿನಲ್ಲಿ ಆಕೆಗೆ ಪ್ರಜ್ಞೆ ಇರಬಾರದಿತ್ತು. ರಕ್ತ ಹೋಗಿ ಪ್ರಜ್ಞೆ ತಪ್ಪಿದ, ಇಪ್ಪತ್ತೆರಡು ವರ್ಷದ ಬಾಣಂತಿ ಎಂದು ನಮ್ಮ ಕೈಯಲ್ಲಿದ್ದ ಹಾಳೆಯಲ್ಲಿ ಬರೆದಿತ್ತು.

“ಆಯೀ, ಕಾಲು!” ಎಂದು ಮೇಡಂ ಗದರುತ್ತಿದ್ದರು.

“ಹೂಂನ್ರಿ, ಸತ್ತೆ” ಎಂದು ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿ ಬೆರಳು ನಿಲ್ಲಿಸುತ್ತಿದ್ದಳು.

ಆಕೆಗೆ ಆಗಲೇ ಅರವತ್ತು ದಾಟಿತ್ತು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಕೆಲಸ ಮಾಡಿ ನಿವೃತ್ತಿಯಾಗಿದ್ದಳು. ಆಯಾ ಎನ್ನುವುದು ಜನರ ಬಾಯಲ್ಲಿ ಯಾವತ್ತೋ ಆಯಿ ಆಗಿತ್ತು. ದೊಡ್ಡ ಡಾಕ್ಟರರಿಂದ ಹಿಡಿದು ಕ್ಯಾಂಟೀನಿನವನ ತನಕ ಎಲ್ಲರಿಗೂ ಆಕೆ ಆಯಿ. ನನಗೂ ಅಷ್ಟೇ.

ನಾನು ಆಕೆಯನ್ನು ನೋಡಿದ್ದು ಗದಗಿನ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹಿಂದೊಮ್ಮೆ ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಕೋಣೆಯಲ್ಲಿ. ತಾಲೂಕಿನ ಸಣ್ಣಪುಟ್ಟ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನನ್ನಂಥ ಡಾಕ್ಟರರನ್ನೂ ನರ್ಸುಗಳನ್ನೂ ಅಲ್ಲಿಗೆ ಕರೆಸಿ, ಬಸುರಿ ಬಾಣಂತಿಯರ ಜೀವಕ್ಕೆ ಕುತ್ತು ಬಂದಾಗ ಏನು ಮಾಡಬೇಕು ಎಂಬುದನ್ನು ಮಾಡಿಸಿಯೇ ಕಲಿಸುತ್ತಿದ್ದರು. ನಿಜವಾದ ಮಂಚ, ನಿಜವಾದ ಸಲಾಯಿನ್ ಬಾಟಲಿ, ಗೋಡೆಯ ಮೇಲೆ ಸೆಕೆಂಡಿನ ಮುಳ್ಳಿದ್ದ ದೊಡ್ಡ ಗಡಿಯಾರ. ಸುಳ್ಳು ಎಂದರೆ ರೋಗಿ ಒಬ್ಬಳೇ. ಸೂಜಿ ಚುಚ್ಚುವುದಕ್ಕೆ, ಕೂಸನ್ನು ಹೊರತೆಗೆಯುವುದಕ್ಕೆ ಒಂದು ರಬ್ಬರಿನ ಬೊಂಬೆ ಇತ್ತು. ಆದರೆ ಬೊಂಬೆ ನರಳುವುದಿಲ್ಲ, ಹೆದರುವುದಿಲ್ಲ, ಅತ್ತೆಯ ಕಡೆ ನೋಡುವುದಿಲ್ಲ. ಅದಕ್ಕೇ ನಮಗೆ ಕಲಿಸುತ್ತಿದ್ದ ಹೆರಿಗೆ ಡಾಕ್ಟರ್ ಮೇಡಂ, ತಮ್ಮ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದಿದ್ದ ಆಯಿಯನ್ನು ಕರೆತಂದಿದ್ದರು.

ಬೆಳಿಗ್ಗೆ ಅಸುಂಡಿಯಿಂದ ಬಸ್ಸಿಗೆ ಬಂದು, ಚೀಲವನ್ನು ಕಿಟಕಿಯ ಸರಳಿಗೆ ತೂಗುಹಾಕಿ, “ಇವತ್ತ ನನಗ ಎಷ್ಟನೇ ತಿಂಗಳ್ರಿ ಮೇಡಂ?” ಎಂದು ಕೇಳುತ್ತಿದ್ದಳು. ಸ್ಪಂಜು ತುಂಬಿ ಹೊಲಿದ ಬಟ್ಟೆಯ ಹೊಟ್ಟೆಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಮುಗಿಯಿತು, ಆಕೆಯ ನಡಿಗೆಯೇ ಬದಲಾಗುತ್ತಿತ್ತು. ಏಳು ತಿಂಗಳಿಗೆ ಒಂದು ನಡಿಗೆ, ಒಂಬತ್ತಕ್ಕೆ ಇನ್ನೊಂದು. ಮಂಚ ಹತ್ತುವಾಗ ಒಂದು ಕೈ ನಡುವಿಗೆ ಹೋಗುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದಳು. ಹೆರಿಗೆಯ ಬ್ಯಾನೆ ಬಂದಾಗ ಆಕೆ ಕೂಗುತ್ತಿರಲಿಲ್ಲ, ಮಂಚದ ಕಬ್ಬಿಣವನ್ನು ಹಿಡಿದು ಹಿಂಡುತ್ತಿದ್ದಳು. 

ಶುರುವಿಗೆ ರಕ್ತವೆಂದು ಬಣ್ಣದ ನೀರು ಇಟ್ಟಿದ್ದರಂತೆ. ಆಯಿ ಅದರಲ್ಲಿ ಬೆರಳದ್ದಿ ನೋಡಿ, “ಇದೇನ್ರಿ, ಓಕಳಿ ಆಡಾಕ ತಂದೀರೇನು?” ಎಂದಳಂತೆ. ಮರುದಿನ ಜೋಳದ ಹಿಟ್ಟಿನ ತೆಳು ಗಂಜಿ ಕಾಯಿಸಿ, ಬಣ್ಣ ಕಲಸಿ, ಡಬ್ಬಿ ತುಂಬ ತಂದಳು. ಅದು ಅರಿವೆಗೆ ಹತ್ತುವ ರೀತಿ, ಒಣಗುತ್ತ ಕಪ್ಪಾಗುವ ರೀತಿ, ಎಲ್ಲವೂ ಖರೆ ರಕ್ತದಂತೆಯೇ ಇತ್ತು. ಆಮೇಲೆ ಆ ಗಂಜಿಯದೇ ರೂಢಿಯಾಯಿತು.

ಮಧ್ಯಾಹ್ನ ಹೊಟ್ಟೆ ಬಿಚ್ಚಿಟ್ಟು, ಕಟಕ್ ರೊಟ್ಟಿ ಮುರಿಯುತ್ತ, “ಮುಂಜಾನಿಂದ ಎರಡ ಸಲ ಸತ್ತೀನಿ, ಇನ್ನೆರಡ ಬಾಕಿ ಅದಾವ. ಹಸಿವಿ ಆಗೂದಿಲ್ಲೇನು?” ಎನ್ನುತ್ತಿದ್ದಳು. ನಗುತ್ತ ಹೇಳುತ್ತಿದ್ದಳು, ಆದರೆ ತನ್ನನ್ನು ಕೊಂದವರನ್ನು ಮಾತ್ರ ಮರೆಯುತ್ತಿರಲಿಲ್ಲ. ಒಮ್ಮೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಮುಂಡರಗಿ ಬಸ್ಸು ಹತ್ತುತ್ತಿದ್ದ ನನ್ನ ಗೆಳೆಯನೊಬ್ಬನನ್ನು ಕಂಡು, “ಡಾಕ್ಟ್ರ, ಹ್ವಾದ ತಿಂಗಳ ನನ್ನ ಕೊಂದಾವರು ನೀವ ಅಲ್ಲೇನ್ರಿ?” ಎಂದು ದೂರದಿಂದಲೇ ಕೂಗಿದಳು. ಜನ ತಿರುಗಿ ನೋಡಿದರು. ಅವನು ಸೀಟು ಹಿಡಿಯುವುದನ್ನೂ ಬಿಟ್ಟು ಕೆಳಗಿಳಿದು ಬಂದು, ಎಲ್ಲಿ ತಪ್ಪಿದ್ದೆ ಎಂದು ಕೇಳಿಸಿಕೊಂಡು ಹೋದ.

ನನ್ನ ಸರದಿ ಬಂದದ್ದು ಎರಡನೇ ದಿನ.

ನಾನು ಲಕ್ಷ್ಮೇಶ್ವರದ ವ್ಯಾಪಾರಸ್ಥರ ಮನೆಯವನು. ನಮ್ಮ ಮನೆಯಲ್ಲಿ ಹೆಂಗಸರ ಮಾತು ಗಂಡಸರ ಕಿವಿಗೆ ಬೀಳುತ್ತಿರಲಿಲ್ಲ. ಅಕ್ಕನ ಹೆರಿಗೆಯ ದಿನ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಸಂಜೆಯ ತನಕ ಕಾಳು ಹಸನು ಮಾಡಿಸಿದ್ದರು. ಡಾಕ್ಟರಾದೆ, ಸರ್ಕಾರಿ ಕೆಲಸ ಸಿಕ್ಕಿತು, ಶಿರಹಟ್ಟಿ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹಾಕಿದರು. ಆದರೂ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಸಿಸ್ಟರ್ ಒಳಗಿನಿಂದ “ಎಲ್ಲಾ ನಾರ್ಮಲ್ ಸರ್” ಎಂದರೆ ಸಾಕು, ಅಲ್ಲಿಂದಲೇ ಹಿಂದಿರುಗುತ್ತಿದ್ದೆ. ಈ ಅಳುಕನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವತ್ತು ಆಯಿ ಒಂದು ತಾಸಿನ ಹಿಂದೆ ಹಡೆದ ಬಾಣಂತಿ. ನಾನು ಡಾಕ್ಟರು. ಮೇಡಂ ಗಡಿಯಾರ ನೋಡಿ, ಶುರು ಎನ್ನುವಂತೆ ಕೈ ಇಳಿಸಿದರು.

“ಹೇಗಿದ್ದೀರಿ?” ಎಂದು ಕೇಳಿದೆ.

“ಆರಾಮ ಅದೀನ್ರಿ ಸಾಹೇಬ್ರ.”

ನಾಡಿ ನೋಡಿದೆ. ಬಿಪಿ ಎಷ್ಟೆಂದು ಮೇಡಂ ಒಂದು ಚೀಟಿ ತೋರಿಸಿದರು, ಪರವಾಗಿಲ್ಲ ಎನ್ನುವ ಹಾಗಿತ್ತು. ಬರೆದುಕೊಂಡೆ. ಕೂಸು ಹಾಲು ಕುಡಿಯಿತೇ ಎಂದು ಕೇಳಿದೆ, ಕುಡಿಯಿತು ಎಂದಳು. ಅದನ್ನೂ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಆಕೆ, “ಯಾಕೋ ಸೆಕಿ ಆಗಾಕತ್ತೈತ್ರಿ, ಚೂರು ನೀರು ಕೊಡ್ತೀರೇನು” ಎಂದಳು. ಫ್ಯಾನ್ ಹಾಕಲು ಹೇಳಿದೆ. ನಾನು ಮತ್ತೆ ಹಾಳೆಯ ಕಡೆ ತಿರುಗಿದಾಗ ಆಕೆಯ ಕೈ ಮಂಚದಿಂದ ಜಾರಿ ಕೆಳಗೆ ಜೋಲಿತು.

“ಸಾಕು. ಪೇಷಂಟ್ ಹೋದ್ರು ಡಾಕ್ಟರ್” ಎಂದರು ಮೇಡಂ, ಹೊದಿಕೆಯನ್ನು ಎತ್ತಿ ಹಿಡಿದು.

ಕೆಳಗಿನ ಅರಿವೆಗಳೆಲ್ಲ ನೆನೆದು ಹೋಗಿದ್ದವು. ಗಂಜಿ ಮಂಚದ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನನ್ನ ಬೂಟಿನ ಪಕ್ಕದಲ್ಲೇ.

ನನಗೆ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ಆಯಿಯ ದಿಂಬಿನ ಪಕ್ಕ ಕಂಡ, ಆಕೆಗೆ ಕೊಟ್ಟ ಹಾಳೆಯಲ್ಲಿ ‘ರಕ್ತ ಭಾಳ ಹೋಗಾಕತ್ತೈತ್ರಿ’ ಎಂಬ ಮಾತಿತ್ತು, ಆಕೆ ಅದನ್ನು ಹೇಳಲೇ ಇಲ್ಲ. ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು ಎಂದು ವಾದ ಹಾಕಿದೆ. ಮೇಡಂಗೂ ಅದು ಸರಿ ಕಂಡಿತು. “ಆಯಿ, ನೀವು ಆ ಮಾತು ಹೇಳಬೇಕಿತ್ತಲ್ಲ” ಎಂದರು.

ಆಯಿ ಎದ್ದು ಕುಳಿತು ಸೆರಗು ಸರಿಮಾಡಿಕೊಂಡಳು.

“ಯಾವಾಕಿ ಹೇಳತಾಳ್ರಿ ಮೇಡಂ? ಮೂವತ್ತ ವರ್ಷ ನೋಡೀನಿ. ಬಾಗಲದಾಗ ಅತ್ತಿ ನಿಂತಿರತಾಳ, ಎದುರಿಗೆ ಗಂಡಸ ಡಾಕ್ಟ್ರು. ನನ್ನ ಅರಿವಿ ತೊಯ್ದೈತಿ, ನೋಡ್ರಿ ಅಂತ ಯಾವ ಹುಡುಗಿ ಬಾಯಿಬಿಟ್ಟು ಹೇಳತಾಳ? ಆರಾಮ ಅದೀನಿ ಅಂತಾಳ. ಕಡೀತನಕ ಅದನ್ನ ಅಂತಾಳ. ನೀವು ಬರದ ಕೊಟ್ಟ ಮಾತು ನಾ ಅಂದ್ರ, ಇವರು ಅಂಥಾ ಮಾತಿನ ಹಾದಿ ಕಾಯಕೋಂತ ಕುಂಡ್ರತಾರ. ಅಲ್ಲಿ ಯಾರೂ ಅನ್ನೂದಿಲ್ಲ.”

 ಮೇಡಂ ಆ ಹಾಳೆ ತೆಗೆದುಕೊಂಡು, ಆ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು.

ನಾನು ಕೆಳಗಿಳಿದು ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತಿದ್ದೆ ಎನ್ನುವುದಕ್ಕಿಂತ ಕಪ್ಪು ಹಿಡಿದುಕೊಂಡು ನಿಂತಿದ್ದೆ. ಆಯಿ ಬಂದು ಪಕ್ಕದಲ್ಲಿ ನಿಂತಳು.

“ಸಿಟ್ಟ ಬಂತೇನ್ರಿ?”

“ಇಲ್ಲ ಆಯಿ.”

“ಬಂದೈತಿ. ಬರಲಿ. ಒಂದ ಮಾತ ಕೇಳತೀನಿ, ಖರೆ ಹೇಳ್ರಿ. ಹೊದಿಕಿ ಎತ್ತಿ ನೋಡಬೇಕು ಅಂತ ನಿಮಗ ಹೊಳೀಲಿಲ್ಲೋ, ಹೊಳೆದ್ರೂ ಆಗಲಿಲ್ಲೋ?”

ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದ್ದನ್ನು ಆ ಜೋರು ಗದ್ದಲದ ಕ್ಯಾಂಟೀನಿನಲ್ಲಿ ಹೇಳಿದೆ. “ಆಗಲಿಲ್ಲ ಆಯಿ. ನನಗ ನಾಚಿಕಿ ಆಗತೈತಿ.”

ಆಕೆ ನಗಲಿಲ್ಲ. ಬೈಯಲೂ ಇಲ್ಲ. “ಆತು ಬಿಡ್ರಿ. ಅದರಾಗೇನ ದೊಡ್ಡದು? ಬರ್ರಿ” ಎಂದು ಮತ್ತೆ ಮೇಲಕ್ಕೆ ಕರೆದುಕೊಂಡು ಹೋದಳು. ಉಳಿದವರು ಊಟಕ್ಕೆ ಹೋಗಿದ್ದರು. ಮಂಚದ ಮೇಲೆ ಮಲಗಿ, ಹೊದಿಕೆ ಎಳೆದುಕೊಂಡು, “ಈಗ ಕೇಳ್ರಿ” ಎಂದಳು.

ನಾನು ಏನೋ ಗೊಣಗಿದೆ.

“ಅದು ಯಾರಿಗೂ ಕೇಳೂದಿಲ್ಲ. ನನ್ನ ಮುಖ ನೋಡ್ರಿ, ಗ್ವಾಡಿ ನೋಡಬ್ಯಾಡ್ರಿ. ಹಿಂಗ ಅನ್ರಿ: ತಂಗೀ, ರಕ್ತ ಎಷ್ಟು ಹೋಗೈತಿ ಅಂತ ನಾ ನೋಡಬೇಕು, ಸಿಸ್ಟರ್ ನಿನ್ನ ಬಾಜೂಕ ಅದಾರ, ಹೊದಿಕಿ ಚೂರು ಸರಸ್ತೀನಿ. ಅಷ್ಟ. ಕೇಳಿದ ಮ್ಯಾಲೆ ತಡಾ ಮಾಡಬ್ಯಾಡ್ರಿ. ನೀವು ಅನಮಾನ ಮಾಡಿದ್ರ ಆಕಿಗೂ ಅನಮಾನ ಆಗತೈತಿ.”

ಹೇಳಿದೆ. ಮತ್ತೊಮ್ಮೆ ಎಂದಳು. ಹೇಳಿದೆ. ದನಿ ನಡುಗುತ್ತದೆ ಎಂದಳು. ಊಟದ ಹೊತ್ತು ಮುಗಿಯುವ ತನಕ ಅದೇ ನಡೆಯಿತು. ಕೊನೆಗೆ ಆಯಿ ಕಣ್ಣು ಮುಚ್ಚಿ ಕೇಳಿಸಿಕೊಂಡು, “ಹ್ಞಾಂ, ಈಗ ಡಾಕ್ಟ್ರು ಬಂದ್ರು” ಎಂದು ಎದ್ದು ರೊಟ್ಟಿಯ ಗಂಟು ಬಿಚ್ಚಿದಳು. ಅವತ್ತು ಆಕೆಯ ರೊಟ್ಟಿಯಲ್ಲಿ ಅರ್ಧ ನನಗೆ ಸಿಕ್ಕಿತು.

ಆಯಿಯ ಈ ಕೆಲಸ ಆಕೆಯ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ. ಗಂಡನಿಗೆ ಅದು ಅಪಶಕುನ. ದಿನಾ ಸಾಯುವ ಆಟ ಆಡಿದರೆ ಒಂದು ದಿನ ಖರೇನೇ ಆಗುತ್ತದೆ ಎಂದು ಆತ ಊಟ ಬಿಟ್ಟು ಕುಳಿತಿದ್ದನಂತೆ. ಟೆಂಪೋ ಓಡಿಸುತ್ತಿದ್ದ ಮಗನಿಗೆ ಊರಿನವರ ನಗು ಸಹಿಸಲಾಗುತ್ತಿರಲಿಲ್ಲ. ‘ನಿಮ್ಮವ್ವಗ ಎಷ್ಟನೇ ತಿಂಗಳೋ?’ ಎಂದು ಅವನನ್ನು ಕೆಣಕುತ್ತಿದ್ದರು. ಒಂದು ದಿನ ಆತ ಸಿಟ್ಟಿನಿಂದ ಸೀದಾ ತರಬೇತಿಯ ಕೋಣೆಗೇ ಬಂದ. ಆ ದಿನ ನಾನು ಎರಡನೇ ಸುತ್ತಿನ ತರಬೇತಿಗೆ ಹೋಗಿದ್ದೆ.

“ನಡೀಬೇ ಮನಿಗೆ” ಎಂದ ಬಾಗಿಲಲ್ಲಿ ನಿಂತು.

ಆಯಿ ಹೊಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದಳು. “ಬರ್ತೀನಿ. ಇದೊಂದ ಮುಗೀಲಿ. ಬಂದೀಯಲ್ಲ, ಇಲ್ಲೇ ನಿಂದರು. ಇವತ್ತ ನನ್ನ ಗಂಡನ ಪಾತ್ರಕ್ಕ ಯಾರೂ ಇಲ್ಲ. ಏನೂ ಮಾತಾಡಬ್ಯಾಡ, ಸುಮ್ನ ನನ್ನ ತಲೀ ಕಡೆ ನಿಂದರು.”

ಆತ ಹೋಗಿ ಆಕೆಯ ತಲೆಯ ಕಡೆ ನಿಂತ. ಆ ದಿನದ ಪಾಠ ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್ ಬರುವುದು. ಮೇಡಂ ಕೈ ಇಳಿಸಿದರು. ಆಯಿ ತಲೆನೋವು, ಕಣ್ಣು ಮಂಜು ಎಂದಳು. ಎರಡು ನಿಮಿಷಕ್ಕೆ ಆಕೆಯ ಕಣ್ಣುಗಳು ಮೇಲಕ್ಕೆ ಹೊರಳಿದವು, ದವಡೆ ಕಚ್ಚಿತು, ಮೈಯೆಲ್ಲ ಸೆಟೆದು ಮಂಚ ಗಡಗಡ ಅಲುಗತೊಡಗಿತು. ನಾವು ಆಕೆಯನ್ನು ಎಡಮಗ್ಗುಲಿಗೆ ತಿರುಗಿಸಬೇಕು, ಉಸಿರು ನೋಡಬೇಕು, ಔಷಧಿಯ ಅಳತೆ ಗಟ್ಟಿಯಾಗಿ ಹೇಳಬೇಕು. ಅಷ್ಟರಲ್ಲಿ ಮಗ ಚೀರಿದ. “ಏ ನೋಡ್ರಿ ಯಾರರ! ಅವ್ವಾ! ಏನಾತ್ರಿ ಇಕಿಗೆ, ನೋಡ್ರೆಪಾ!”

ಅದು ನಾಟಕದ ಕೂಗಲ್ಲ. ನಮ್ಮ ತಂಡದ ಹುಡುಗಿಯೊಬ್ಬಳ ಕೈಯಿಂದ ಸಿರಿಂಜು ಬಿತ್ತು. ನನಗೆ ಔಷಧಿಯ ಅಳತೆಯೇ ಮರೆತುಹೋಯಿತು. ಮೊದಲ ಸುತ್ತಿನಲ್ಲಿ ನಾಲ್ಕು ಸಲ ಸರಿಯಾಗಿ ಮಾಡಿದ್ದನ್ನು ಐದನೇ ಸಲ ತಪ್ಪಿದೆವು, ಒಬ್ಬ ಮನುಷ್ಯ ಹೆದರಿ ಕೂಗಿದ ಎನ್ನುವುದಕ್ಕೆ.

ಆಯಿ ಸೆಟೆದ ಮೈಯನ್ನು ಸಡಿಲಿಸಿ, ಕಣ್ಣು ತೆರೆದು, ಮಗನ ಕೈ ಹಿಡಿದುಕೊಂಡಳು. “ಏನಾಗಿಲ್ಲೋ. ನೋಡಿಲ್ಲಿ, ಆರಾಮ ಅದೀನಿ.” ಆತ ಗೋಡೆಗೆ ಒರಗಿ ಅಳುತ್ತಿದ್ದ. ಮೇಡಂ ಆತನಿಗೆ ನೀರು ಕೊಟ್ಟು, ನಮ್ಮ ಕಡೆ ತಿರುಗಿ, “ಮತ್ತೊಮ್ಮೆ. ಮನೆಯವರು ಕೂಗುತ್ತಾರೆ. ಕೂಗಿನ ನಡುವೆಯೇ ಕೆಲಸ” ಎಂದರು. ಆತ ಮತ್ತೊಮ್ಮೆ ನಿಂತ. ಮುಂದಿನ ವಾರದಿಂದ ಆಯಿ ಬಸ್ಸಿಗೆ ಬರುವುದು ನಿಂತಿತು. ಮಗನೇ ಟೆಂಪೋದಲ್ಲಿ ತಂದು ಇಳಿಸಿ, ಗಂಡನ ಪಾತ್ರಕ್ಕೂ ನಿಲ್ಲುತ್ತಿದ್ದ. ಊರಿನವರಿಗೆ ಆತ ಏನು ಹೇಳಿದನೋ ಗೊತ್ತಿಲ್ಲ.

ಅದಾದ ನಾಲ್ಕನೇ ತಿಂಗಳು, ಚಳಿಗಾಲದ ಒಂದು ಮಧ್ಯಾಹ್ನ. ನಾನು ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ಮುಗಿಸಿ ವಾರ್ಡಿನ ಮೂಲಕ ಹಾದು ಮನೆಗೆ ಹೊರಟಿದ್ದೆ. ನಮ್ಮದೇ ತಾಲೂಕಿನ ಮಾಗಡಿ ಕಡೆಯ ಹಳ್ಳಿಯ ಒಬ್ಬ ಹುಡುಗಿ ಬೆಳಿಗ್ಗೆ ಹಡೆದಿದ್ದಳು. ಎರಡನೇ ಹೆರಿಗೆ, ಎಲ್ಲಾ ನಾರ್ಮಲ್. ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಹುಡುಗಿ ಕೌದಿಯನ್ನು ಕುತ್ತಿಗೆಯ ತನಕ ಹೊದ್ದು ಮಲಗಿದ್ದಳು.

“ಹೆಂಗದೀಯವಾ?”

“ಆರಾಮ ಅದೀನ್ರಿ.”

ಹೋಗಬೇಕೆಂದು ತಿರುಗಿದವನು ನಿಂತೆ. ಚಳಿಯ ದಿನ ಆಕೆಯ ಮೇಲ್ದುಟಿಯ ಮೇಲೆ ಬೆವರಿತ್ತು. ಸಿಸ್ಟರನ್ನು ಕೂಗಿ ಕರೆದೆ. ಹುಡುಗಿಯ ಮುಖ ನೋಡಿ, ನನಗೆ ಕಲಿಸಿದ ಮಾತುಗಳನ್ನು ಕಲಿಸಿದ ಹಾಗೆಯೇ ಹೇಳಿದೆ. ಅತ್ತೆ, “ಗಂಡಸರು ಅದೇನ ನೋಡತೀರಿ, ಸಿಸ್ಟರ್ ನೋಡ್ಯಾರಲ್ಲ” ಎಂದಳು. “ನೋಡಬೇಕಬೇ ಯಮ್ಮಾ” ಎಂದೆ. ನನ್ನ ದನಿ ನಡುಗಲಿಲ್ಲ.

ಕೌದಿಯ ಕೆಳಗೆ ಮಡಚಿಟ್ಟ ಹಳೇ ಸೀರೆಗಳು ತೊಯ್ದು, ಗಾದಿ ತೊಯ್ದು, ರಕ್ತ ಆಗಲೇ ಮಂಚದ ಪಟ್ಟಿಗೆ ಇಳಿಯುತ್ತಿತ್ತು.

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಹಿಟ್ಟಿನ ಹಾಗೆ ಮೆತ್ತಗಿತ್ತು. ತಿಕ್ಕಿದೆ. ಎರಡೂ ಕೈಗೆ ಸಲಾಯಿನ್ ಹಚ್ಚಿದರು, ಇಂಜೆಕ್ಷನ್‌ಗಳಾದವು. ರಕ್ತ ನಿಲ್ಲಲಿಲ್ಲ. ಇನ್ನು ಉಳಿದಿದ್ದು ಒಂದೇ, ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ನಡುವೆ ಗರ್ಭಕೋಶವನ್ನು ಅದುಮಿ ಹಿಡಿದುಕೊಳ್ಳುವುದು. ಹಿಡಿದೆ. ರಕ್ತ ಕಡಿಮೆಯಾಯಿತು. ಕೈ ತೆಗೆದರೆ ಮತ್ತೆ ಹರಿಯುತ್ತಿತ್ತು. ಹಾಗಾಗಿ ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದೆ. ಮೊಣಕಾಲೂರಿ ಕುಳಿತು, ಗದಗಿನ ತನಕ. ಮೊದಲು ತೋಳು ನೋಯಿತು, ಆಮೇಲೆ ನೋವೇ ತಿಳಿಯದಾಯಿತು. ಡ್ರೈವರ್ ಒಮ್ಮೆ “ಮಾಗಡಿ ಕೆರಿ ದಾಟಿದ್ವಿ ಸರ್” ಎಂದ. ಸಿಸ್ಟರ್ ಆಕೆಯ ಕೆನ್ನೆ ತಟ್ಟುತ್ತ ಮಾತಾಡಿಸುತ್ತಿದ್ದರು. 

ಗದಗಿನಲ್ಲಿ ಮೇಡಂ ಬಾಗಿಲಲ್ಲೇ ನಿಂತಿದ್ದರು. ಆಪರೇಷನ್ ಆಯಿತು, ರಕ್ತ ಕೊಟ್ಟರು. ಸಂಜೆ ಹೊರಗೆ ಬಂದು, “ಉಳಿದಳು” ಎಂದರು.

ನಾನು ಮೆಟ್ಟಿಲ ಮೇಲೆ ಕುಳಿತು ಆಯಿಗೆ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರಿಗೆ ಹೋಯಿತು. ಎಲ್ಲವನ್ನೂ ಹೇಳಿದೆ. ಆಕೆ ಕೊನೆಯ ತನಕ ಕೇಳಿಸಿಕೊಂಡು, ಕೇಳಿದಳು:

“ಆಕಿ ಹೆಸರೇನ್ರಿ?”

ನನಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಆಕೆಯ ಜೀವವನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ, ಹೆಸರು ಕೇಳಿರಲಿಲ್ಲ.

“ಹೋಗಿ ಕೇಳಕೊಂಡ ಬರ್ರಿ” ಎಂದಳು ಆಯಿ. “ಖಬರ ಬಂದು ಕಣ್ಣ ತೆರೆದ ಮ್ಯಾಲೆ ಆಕೀನ್ನ ಕೇಳ್ರಿ. ಮಂದೀನ್ನ ಕೇಳಬ್ಯಾಡ್ರಿ.” ಆಮೇಲೆ ತಡೆದು, ದನಿ ತಗ್ಗಿಸಿ, “ಶಾಣ್ಯಾ ಆದ್ರಿ” ಎಂದಳು. ನನಗೆ ಬಂದ ಯಾವ ಪ್ರಶಸ್ತಿಪತ್ರವೂ ಆ ಎರಡು ಮಾತಿಗೆ ಸಮವಲ್ಲ. ಮರುದಿನ ಬೆಳಿಗ್ಗೆ ಹೋಗಿ ಹೆಸರು ಕೇಳಿದೆ. ಈರವ್ವ ಎಂದಳು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ನನಗೆ ಹೇಳಬೇಕಾದ್ದು ಇನ್ನೊಂದಿದೆ, ಅದನ್ನು ಹೇಳುವುದಕ್ಕೇ ಇಷ್ಟು ಬರೆದದ್ದು.

ಎರಡು ವರ್ಷದ ಮೇಲೆ ನನಗೆ ಮುಂಡರಗಿ ಕಡೆಗೆ ವರ್ಗವಾಯಿತು. ಅಲ್ಲಿಗೆ ಒಂದು ದಿನ ಹಿರೇವಡ್ಡಟ್ಟಿಯಿಂದ ಎಂಟು ತಿಂಗಳ ಬಸುರಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ತವರಿಗೆ ಬಂದಿದ್ದಳು. ಎರಡು ದಿನದಿಂದ ತಲೆನೋವು, ಬಿಸಿಲಿನ ಝಳ ಎಂದುಕೊಂಡಿದ್ದರು. ಅವತ್ತು ಬೆಳಿಗ್ಗೆಯಿಂದ ಫಿಟ್ಸ್. ನಾವು ಎಲ್ಲವನ್ನೂ ಮಾಡಿದೆವು. ಕಲಿತದ್ದರಲ್ಲಿ ಒಂದನ್ನೂ ಬಿಡಲಿಲ್ಲ, ಒಂದು ನಿಮಿಷ ವ್ಯರ್ಥ ಮಾಡಲಿಲ್ಲ. ಮನೆಯವರು ಕೂಗುತ್ತಿದ್ದರು, ಕೂಗಿನ ನಡುವೆಯೇ ಮಾಡಿದೆವು. ಆಕೆಯ ಹೆಸರನ್ನೂ ಕೇಳಿಕೊಂಡಿದ್ದೆ, ಗಂಗವ್ವ. ಆಂಬುಲೆನ್ಸಿಗೆ ಎತ್ತುವ ಮೊದಲೇ ಆಕೆಯ ಹೃದಯ ನಿಂತಿತು. ಮತ್ತೆ ನಡೆಸಲು ಎಷ್ಟು ಒತ್ತಿದರೂ ನಡೆಯಲಿಲ್ಲ. ಕೂಸೂ ಉಳಿಯಲಿಲ್ಲ.

ಹೊರಗೆ ಆಕೆಯ ಗಂಡ ನಿಂತಿದ್ದ. ಆತನ ಕೈಯಲ್ಲಿ ಆಕೆಯ ಚಪ್ಪಲಿಗಳಿದ್ದವು. ನಾನು ಬಾಗಿಲಿನ ಚೌಕಟ್ಟಿನ ಮೇಲೆ ಕೈಯಿಟ್ಟು, ನಿಂತುಕೊಂಡೇ, “ನಮ್ಮ ಪ್ರಯತ್ನ ನಾವು ಮಾಡಿದ್ವಿ, ಆಗಲಿಲ್ಲ” ಎಂದೆ. ಆತ “ಅಂದ್ರ?” ಎಂದು ಕೇಳಿದ. ನಾನು ಉತ್ತರ ಕೊಡದೆ ಒಳಗೆ ಹೋದೆ. ಆ ‘ಅಂದ್ರ’ಕ್ಕೆ ಸಿಸ್ಟರ್ ಉತ್ತರ ಹೇಳಬೇಕಾಯಿತು. ನಾನು ಹಿಂದಿನ ಬಾಗಿಲಿನಿಂದ ಹೊರಟು ಕ್ವಾರ್ಟರ್ಸಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸುದ್ದಿ ಮೇಡಂಗೆ ಗೊತ್ತಾಯಿತು, ಮೇಡಂ ಮೂಲಕ ಆಯಿಗೆ. ಎರಡನೇ ದಿನ ಆಯಿಯ ಫೋನ್ ಬಂತು. ಎತ್ತಲಿಲ್ಲ. ಆಕೆ ಏನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಹೆಸರು ಕೇಳಿದರೆ ಹೇಳಬಲ್ಲೆ. ಮನೆಯವರಿಗೆ ಏನು ಹೇಳಿದಿರಿ ಎಂದು ಕೇಳಿದರೆ? ವಾರದ ಮೇಲೆ ಮತ್ತೊಮ್ಮೆ ಬಂತು. ಆಗಲೂ ಎತ್ತಲಿಲ್ಲ. ರಜೆ ಇದ್ದಾಗಲೂ ಗದಗಿನಲ್ಲಿ ಇಳಿಯದೆ ಸೀದಾ ಲಕ್ಷ್ಮೇಶ್ವರಕ್ಕೆ ಹೋಗಿಬಿಡುತ್ತಿದ್ದೆ. ಬರುವ ಭಾನುವಾರ ಅಸುಂಡಿಗೆ ಹೋಗಿಯೇ ಎಲ್ಲ ಹೇಳುತ್ತೇನೆ ಎಂದು ಪ್ರತಿ ಭಾನುವಾರವೂ ಅಂದುಕೊಂಡೆ.

ಒಂದೂವರೆ ತಿಂಗಳಾದ ಮೇಲೆ ಮಗನ ಫೋನ್ ಬಂತು. ಆಯಿ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಬಿದ್ದಿದ್ದಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಮಗ ಟೆಂಪೋದಲ್ಲೇ ಗದಗಿಗೆ ತಂದಿದ್ದ. ಮೂರನೇ ದಿನ ತೀರಿಕೊಂಡಳು. ನನಗೆ ತಿಳಿದಾಗ ಮಣ್ಣು ಮುಗಿದಿತ್ತು.

ಐದನೇ ದಿನ ಅಸುಂಡಿಗೆ ಹೋದೆ. ಆಯಿಯ ಗಂಡ ಪಡಸಾಲೆಯಲ್ಲಿ ಕುಳಿತಿದ್ದ. ಮಗ ನನ್ನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟ. ಸಮಾಧಾನ ಹೇಳುವುದಕ್ಕೆ ಹೋದವನು ನಾನು, ಆದರೆ ಬಾಯಿ ತೆರೆದರೆ ಬಂದದ್ದು ಬೇರೆ. ಗಂಗವ್ವನ ಕತೆಯನ್ನು ಮೊದಲಿನಿಂದ ಕೊನೆಯ ತನಕ ಆತನಿಗೆ ಹೇಳಿದೆ. ಚಪ್ಪಲಿ ಹಿಡಿದು ನಿಂತಿದ್ದ ಗಂಡನ ಮುಂದಿನಿಂದ ಓಡಿಹೋದದ್ದನ್ನೂ ಹೇಳಿದೆ. ಆಯಿಯ ಫೋನ್ ಎತ್ತದೇ ಇದ್ದದ್ದನ್ನೂ.



“ಅವ್ವ ನಿಮಗ ಬೈಯಾಕ ಮಾಡಿದ್ದಲ್ರಿ ಫೋನು” ಎಂದ ಆತ. “ಪಾಪ, ಒಬ್ಬರ ಕುಂತಿರತಾರ ಅಂತ ಮಾಡಿದ್ಲು.”

ಖಾಲಿ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟ.

“ಈಗ ನನಗ ಹೇಳಿದ್ದನ್ನ ಮೇಡಂಗ ಹೇಳ್ರಿ. ಅಲ್ಲಿ ಎಲ್ಲಾ ಕಲಸ್ತಾರ, ಇದನ್ನ ಕಲಸೂದಿಲ್ಲ. ನಾ ಎಷ್ಟ ಸಲ ಗಂಡನ ಪಾತ್ರ ಮಾಡೀನಿ. ಹೆಂಡ್ತಿ ಸತ್ತ ಮ್ಯಾಲೆ ಒಬ್ಬರೂ ನನ್ನ ಕಡೆ ಬರೂದಿಲ್ರಿ. ಗಡಿಯಾರ ನಿಂದರಸ್ತಾರ, ಚಹಾಕ್ಕ ಹೋಗತಾರ.”

ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹೊಸ ಹಾಳೆಯೊಂದನ್ನು ನನ್ನ ಮುಂದಿಟ್ಟು, “ನೀವೇ ಬರೀರಿ” ಎಂದರು. ಆ ಪಾಠದಲ್ಲಿ ಡಾಕ್ಟರ್ ಎಲ್ಲವನ್ನೂ ಸರಿಯಾಗಿ ಮಾಡುತ್ತಾರೆ, ಆದರೂ ಬಸುರಿ ಉಳಿಯುವುದಿಲ್ಲ. ಆಗಲೂ ಗಡಿಯಾರ ನಿಲ್ಲುವುದಿಲ್ಲ, ಹೊರಗೆ ಕಾದವರಿಗೆ ಹೇಳಿ ಮುಗಿಯುವ ತನಕ ಪಾಠ ನಡೆಯುತ್ತದೆ. ಆಯಿ ಇಲ್ಲದ ಮಂಚದ ಮೇಲೆ ಈಗ ಬೇರೊಬ್ಬ ನಿವೃತ್ತ ಸಿಸ್ಟರ್ ಮಲಗುತ್ತಾರೆ. ತಿಂಗಳಿಗೊಮ್ಮೆ ನಾನು ಮುಂಡರಗಿಯಿಂದ ಬಂದು ಅದನ್ನು ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ದೊಡ್ಡ ಮಾತು.  ನಾನು ಎತ್ತದೇ ಬಿಟ್ಟ ಆಯಿಯ ಆ ಎರಡು ಕರೆಗಳಿಗೆ ಹೀಗೆ ಉತ್ತರ ಹೇಳುತ್ತಿದ್ದೇನೆ, ಎಷ್ಟು ಹೇಳಿದರೂ ಮುಗಿದಂತೆ ಅನಿಸುವುದಿಲ್ಲ.

ಆ ಪಾಠದ ಮೊದಲ ದಿನ ಸರದಿ ಬಂದದ್ದು ಶಿರಹಟ್ಟಿಯ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿಗೆ, ಡಾಕ್ಟರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಂಚದ ಮೇಲಿನವರು ಕಣ್ಣು ಮುಚ್ಚಿದರು. ಆಕೆ ಕೈಗವಸು ತೆಗೆದು, ಬಾಗಿಲು ದಾಟಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆಯಿಯ ಮಗನ ಎದುರು ನಿಂತಳು. “ನಾವು ನಮ್ಮ ಪ್ರಯತ್ನ...” ಎಂದು ಶುರುಮಾಡಿ ತಡೆದಳು. ಆಕೆಯ ಕಣ್ಣುಗಳು ಆಗಲೇ ಹಿಂದಿನ ಬಾಗಿಲನ್ನು ಹುಡುಕುತ್ತಿದ್ದವು.

ಆತ ಬೆಂಚಿನ ಮೇಲೆ ಸರಿದು ಜಾಗ ಮಾಡಿದ.

“ಕುಂತು ಹೇಳ್ರಿ ಡಾಕ್ಟ್ರ” ಎಂದ. “ಏನಾತು?”